ಸೊನ್ನೆಯಲ್ಲ, ಖಾಲಿ

ಬೆಳಿಗ್ಗೆ ಆರಕ್ಕೆ ಒಲೆಗೆ ಸೌದೆ ಒಟ್ಟಿ
ಒಂದು ಗುಂಡಿ ಒತ್ತುತ್ತೇನೆ.
ನೀರು ಕುದಿಯುವುದರೊಳಗೆ ಮ್ಯಾಕ್ರೊ
ಸರ್ಕಾರದ ಜಾಲಪುಟಕ್ಕೆ ಹೋಗಿ
ಮೂರನೆಯ ಪಟ್ಟಿಯನ್ನು ಬುಡಸಮೇತ ಕಿತ್ತುಕೊಂಡು ಬರುತ್ತದೆ:
ಯಾವ ಕೊಲ್ಲಿಯ ಚಿಪ್ಪಿನಲ್ಲಿ ಎಷ್ಟು ವಿಷ.

ಇದು ಚಿಲೊಯೆ ದ್ವೀಪದ ತುದಿ, ಕೆಯೋನ್ ಬಂದರು.
ಇಲ್ಲಿಗೆ ರಸ್ತೆ ಮುಗಿಯುತ್ತದೆ, ಮುಂದೆ ಬರೀ ನೀರು.
ಕೆಂಪು ಉಬ್ಬರ ಅನ್ನುತ್ತೇವೆ; ಕೆಂಪು ಹೆಸರಿಗಷ್ಟೇ.
ಆ ವಿಷಕ್ಕೆ ಬಣ್ಣವಿಲ್ಲ, ನಾತವಿಲ್ಲ,
ಬೇಯಿಸಿದರೆ ಸಾಯುವುದಿಲ್ಲ,
ನಿಂಬೆ ಹಿಂಡಿದರೆ ಹೆದರುವುದಿಲ್ಲ.
ತುಟಿ ಜುಮ್ಮೆಂದಾಗ ತಿಳಿಯುತ್ತದೆ,
ತಿಳಿದಾಗ ಹೊತ್ತು ಮೀರಿರುತ್ತದೆ.

ಆದ್ದರಿಂದ ಈ ಹಾಳೆ. ಹದಿನಾಲ್ಕು ಕೊಲ್ಲಿ, ಹದಿನಾಲ್ಕು ಮನೆ.
ಅಂಕಿ ಎಂಬತ್ತು ದಾಟಿದರೆ ಮನೆ ತಾನೇ ಕೆಂಪಾಗುತ್ತದೆ.
ಮುದ್ರಿಸಿ ಬಾಗಿಲ ಮೊಳೆಗೆ ಸಿಕ್ಕಿಸುತ್ತೇನೆ.
ಎಲೆಉತೇರಿಯೊ ರಾಯಿನ್‌ಗೆ ಓದು ಬಾರದು.
ರಬ್ಬರ್ ಅಂಗಿಯಲ್ಲೇ ಬಂದು, ತೊಟ್ಟಿಕ್ಕುತ್ತಾ, ಕೇಳುತ್ತಾನೆ:
"ಕೆಂಪಿದೆಯೇನೇ ನೋಲ್ಫಾ?"

ಇದನ್ನು ಬರೆದವರು ಲೆಕ್ಕದ ಒವಿದಿಯೊ,
ಎರಡೇ ಬೆರಳಲ್ಲಿ, ಒಂದು ಚಳಿಗಾಲವಿಡೀ.
ಸತ್ತು ಒಂಬತ್ತು ವರ್ಷ.
ಒಳಗೆ ಇಣುಕಿದರೆ ಅಲ್ಲಲ್ಲಿ ಅವರೇ ಸಿಗುತ್ತಾರೆ.
ಸಾಲಿನ ಮೊದಲಿಗೆ ಒಂದು ಪುಟ್ಟ ಕೊಕ್ಕೆ ಹಾಕಿದರೆ
ಆ ಸಾಲನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಓದಬೇಕು:
'ಇದನ್ನು ಮುಟ್ಟಬೇಡಿ. ಯಾಕೆಂದು ನನಗೂ ಮರೆತಿದೆ.
'ಮಗಳಿಗೆ ಜ್ವರ. ಉಳಿದದ್ದು ನಾಳೆ.
ಕೊಕ್ಕೆಯಿಲ್ಲದೆ, ಯಂತ್ರಕ್ಕೆಂದೇ, ಇನ್ನೊಂದು ಸಾಲು:
ತಪ್ಪಾದರೂ ನಿಲ್ಲಬೇಡ, ಮುಂದೆ ನಡೆ.

ಬದುಕಿಗೆ ಒಳ್ಳೆಯ ಮಾತು ಅಂದುಕೊಂಡಿದ್ದೆ.

ಮಾರ್ಚ್ ತಿಂಗಳ ಒಂದು ಮಂಗಳವಾರ
ಅಲ್ಲೆಲ್ಲೋ ರಾಜಧಾನಿಯಲ್ಲಿ ಯಾರೋ ಪುಟವನ್ನು ಸಿಂಗರಿಸಿದರು.
ಮೇಲ್ಗಡೆ ಹೊಸದೊಂದು ಪಟ್ಟಿ, ಕಚೇರಿಯ ವೇಳೆಯದು.
ಮೂರನೆಯದು ನಾಲ್ಕನೆಯದಾಯಿತು.
ಮ್ಯಾಕ್ರೊ ಹೋಯಿತು, ತಡಕಾಡಿತು, ತಪ್ಪಿತು,
ನಿಲ್ಲಲಿಲ್ಲ.
ಹದಿನಾಲ್ಕು ಮನೆಯೂ ಖಾಲಿ.
ಒಗೆದು ಹರವಿದ ಬಟ್ಟೆಯಂತೆ ಹಾಳೆ.

ಎಲೆಉತೇರಿಯೊ ನಕ್ಕ, "ಎಲ್ಲ ಬಿಳಿ!"
ನಾನೂ ನಕ್ಕೆ. ದೋಣಿಯ ಎಂಜಿನ್ ಗುಡುಗಿತು.
ಮಾತೆಯ ಬುರುಡೆಗೆ ಎರಡನೆಯ ಸಲ ನೀರು ಹೊಯ್ಯುವಾಗ
ಕೈ ತಡೆಯಿತು.

ಸೊನ್ನೆ ಎಲ್ಲಿ?
ಶುದ್ಧ ಕೊಲ್ಲಿಗೂ ಒಂದು ಸೊನ್ನೆ ಇರುತ್ತಿತ್ತು.
ಸೊನ್ನೆ ಎಂದರೆ ಯಾರೋ ಚಳಿಯಲ್ಲಿ ಹೋಗಿ
ಚಿಪ್ಪು ತೆಗೆದು, ಅರೆದು, ಅಳೆದು
ಏನೂ ಇಲ್ಲ ಎಂದು ಹೇಳಿದ್ದು.
ಖಾಲಿ ಎಂದರೆ ಯಾರೂ ಏನೂ ಹೇಳಿಲ್ಲ.

ಒಂದೇ ಕಾಲಿಗೆ ಚಪ್ಪಲಿ. ಇಳಿಜಾರಿನಲ್ಲಿ ಓಡಿದೆ,
ಕಾಯುತ್ತಿದ್ದ ಸೋದರಳಿಯನ ದೋಣಿ ಹತ್ತಿ ಹಿಂದೆಯೇ ಹೋದೆ.
ಎಲೆಉತೇರಿಯೊ ಆಗಲೇ ತಳದಲ್ಲಿ.
ಗಾಳಿಯ ಕೊಳವೆ ಹಿಡಿದಿದ್ದ ಹುಡುಗಿ ಯೆಸ್ಸೆನಿಯಾ
ಮೂರು ಸಲ ಜಗ್ಗಿದಳು.
ಬುಟ್ಟಿ ತುಂಬ ಚಿಪ್ಪು, ಬಾಯಿ ತುಂಬ ಬೈಗುಳ,
ಎರಡನ್ನೂ ಹೊತ್ತು ಮೇಲೆ ಬಂದ.
ಚಿಪ್ಪನ್ನು ಮರಳಿ ನೀರಿಗೆ ಸುರಿದೆವು.
ಬೈಗುಳ ನನ್ನ ಪಾಲಿಗೆ.
ಅವುಗಳಲ್ಲಿ ವಿಷ ಇತ್ತೋ ಇಲ್ಲವೋ
ಇವತ್ತಿಗೂ ಗೊತ್ತಿಲ್ಲ. ಡೀಸೆಲ್ ದುಡ್ಡು ನಾನೇ ಕೊಟ್ಟೆ.

ಆ ರಾತ್ರಿ ಒವಿದಿಯೊ ಅವರ ಸಾಲಿನ ಮುಂದೆ
ಒಂದು ಕೊಕ್ಕೆ ಹಾಕಿದೆ. ಅಳಿಸಲು ಮನಸ್ಸಾಗಲಿಲ್ಲ.
ಯಂತ್ರಕ್ಕೆ ಕೇಳದು ಇನ್ನು; ನಮಗೆ ಕೇಳಲಿ, ಬೇಕಾದರೆ.

ಮರುದಿನ ಆರಕ್ಕೆ ಗುಂಡಿ ಒತ್ತಿದೆ.
ಮ್ಯಾಕ್ರೊ ಅರ್ಧಕ್ಕೇ ನಿಂತು, ಕಿರ್ರೆಂದು,
ಹಳದಿ ಗೆರೆಯೆಳೆದು ಹೇಳಿತು: ಪಟ್ಟಿ ಸಿಗಲಿಲ್ಲ.
ಇಷ್ಟು ವರ್ಷಕ್ಕೆ ಮೊದಲ ಸಲ ಅದರ ಬಾಯಲ್ಲಿ
ನನಗೆ ಗೊತ್ತಿಲ್ಲ ಅನ್ನುವ ಮಾತು.

ಅದನ್ನೇ ಮುದ್ರಿಸಿ ಮೊಳೆಗೆ ಸಿಕ್ಕಿಸಿದೆ.
ಎಲೆಉತೇರಿಯೊ ಬಂದ, ಹಾಳೆ ನೋಡಿದ, ನನ್ನನ್ನು ನೋಡಿದ,
ಕೊಡಲಿ ತೆಗೆದುಕೊಂಡು
ಹಿತ್ತಿಲಿಗೆ ಸೌದೆ ಒಡೆಯಲು ಹೋದ.