ಮೊತ್ತ ಸೊನ್ನೆ

ಇನಾರಿ ಸರೋವರದ ದಂಡೆಯ ರಸ್ತೆ. ಜನವರಿ.
ಇಲ್ಲಿ ಮಧ್ಯಾಹ್ನ ಅಂದರೆ ಒಂದಿಷ್ಟು ನೀಲಿ ನಸುಕು.
ಕಾರೂ ಬ್ರೆಡ್ಡಿನ ವ್ಯಾನೂ
ಮೂತಿಗೆ ಮೂತಿ ಕಚ್ಚಿಕೊಂಡು ನಿಂತಲ್ಲೇ ನಿಂತಿವೆ.
ಗಾಜಿನಂಥ ಮಂಜುಗಡ್ಡೆ, ಆದರೂ
ಎತ್ತಲೂ ಜಾರಿಲ್ಲ, ಒಂದು ಗೇಣೂ.
ಟೇಪು ಹಿಡಿದು ಬಂದವಳಿಗೆ ಅಳೆಯಲು ಏನೂ ಇಲ್ಲ.

ಆ ಏನೂ ಇಲ್ಲವೇ ಅಳತೆ ಎಂದು ಹೊಳೆಯಲು
ಒಂದು ಫ್ಲಾಸ್ಕ್ ಕಾಫಿ ಮುಗಿಯಬೇಕಾಯಿತು.

ಪೂರ್ವಕ್ಕೆ ಹೋಗುವುದು ಕೂಡು, ಪಶ್ಚಿಮಕ್ಕೆ ಬರುವುದು ಕಳೆ.
ಹಾಗೆ ಇಟ್ಟುಕೊಂಡವಳು ನಾನೇ;
ತಿರುಗುಮುರುಗು ಇಟ್ಟರೂ ಲೆಕ್ಕಕ್ಕೆ ಬೇಸರವಿಲ್ಲ.
ಒಟ್ಟು ಸಂವೇಗ
ಢಿಕ್ಕಿಗೆ ಮುಂಚೆ ಎಷ್ಟೋ ಆಮೇಲೂ ಅಷ್ಟೇ.
ಆಮೇಲೆ ಎಂಬುದು ಇಲ್ಲಿ ಸೊನ್ನೆ.

ವ್ಯಾನು ಖಾಲಿ ಇದ್ದಾಗ ಎರಡು ಸಾವಿರದ ನೂರ ಮೂವತ್ತು ಕಿಲೋ.
ರೈ ಬ್ರೆಡ್ಡು ನೂರ ಎಂಬತ್ತು, ಬೇಕರಿಯ ರಸೀದಿ ಉಂಟು.
ಚಾಲಕ ತೌನೊ ತೊಂಬತ್ತು; ಕಾಲಿಗೆ ಪ್ಲಾಸ್ಟರು, ಬದುಕಿದ್ದಾನೆ.
ಒಳಗಿನ ಪೆಟ್ಟಿಗೆ ಬರೆದುಕೊಂಡಿದೆ: ಸೆಕೆಂಡಿಗೆ ಹತ್ತು ಮೀಟರು.

ಕಾರು ಹಳೆಯದು, ಅಂಥ ಪೆಟ್ಟಿಗೆಯಿಲ್ಲ.
ಸಾವಿರದ ನೂರ ಹತ್ತೊಂಬತ್ತು.
ಮಂಜು ಕೊರೆಯುವ ಬೈರಿಗೆ, ಗಾಳದ ಸಾಮಾನು: ಎಂಟು.
ಮತ್ತೆ, ಔಲಾ.

ಅವನ ತೂಕ ಕೇಳಲು ಅವನಮ್ಮನ ಬಾಗಿಲು ತಟ್ಟಿದೆ.
"ಎಪ್ಪತ್ತೊಂದು," ಎಂದಳು ಬಿರಿತ್. "ಬೂಟು ಬಿಟ್ಟು."

ಊರು ಆಗಲೇ ತೀರ್ಪು ಕೊಟ್ಟಾಗಿತ್ತು,
ಪೆಟ್ರೋಲು ಬಂಕಿನಲ್ಲಿ, ಸೌನಾದ ಹಲಗೆಯ ಮೇಲೆ ಬೆವರುತ್ತ:
ಆ ಹುಡುಗನ ಕಾಲು ಕಬ್ಬಿಣದ್ದು ಕಣ್ರೀ,
ನೂರಿಪ್ಪತ್ತಕ್ಕೆ ಕಡಿಮೆ ಓಡಿಸಿದವನೇ ಅಲ್ಲ.

ಗುಣಿಸಿದೆ. ಭಾಗಿಸಿದೆ. ಪೆನ್ಸಿಲಿನಲ್ಲಿ ಇನ್ನೊಮ್ಮೆ.
ಇಪ್ಪತ್ತು.
ಅಂದರೆ ಗಂಟೆಗೆ ಎಪ್ಪತ್ತೆರಡು.
ರಸ್ತೆಯ ಫಲಕದಲ್ಲಿರುವುದು ಎಂಬತ್ತು.
ಗೆರೆ ದಾಟಿದವರು ಯಾರೋ, ಲೆಕ್ಕಕ್ಕೆ ಗೊತ್ತಿಲ್ಲ;
ಹಿಮ ಬಿದ್ದು ಗೆರೆಯೇ ಇರಲಿಲ್ಲ.

ಸೊನ್ನೆ ಬಂತೆಂದು ಯಾವುದೂ ಚಲಿಸಲಿಲ್ಲ ಎನ್ನಲಾದೀತೆ?
ಒಬ್ಬ ಮೀನಿಗೆ ಹೊರಟಿದ್ದ,
ಇನ್ನೊಬ್ಬ ಊರಿನ ಬೆಳಗಿನ ತಿಂಡಿ ಹೊತ್ತು ಬರುತ್ತಿದ್ದ,
ಎದುರಾದಲ್ಲಿ ಸಮಸಮ.
ತಗಡು ಮುದುಡಿದ್ದು, ಮೂಳೆ ಮುರಿದದ್ದು
ಬೇರೆಯೇ ಖಾತೆ. ಅಲ್ಲಿ ಕಳೆಯುವ ಚಿಹ್ನೆಯಿಲ್ಲ,
ಎಲ್ಲವೂ ಕೂಡುತ್ತದೆ, ಕೂಡುತ್ತಲೇ ಹೋಗುತ್ತದೆ,
ಅದಕ್ಕೆ ದಿಕ್ಕಿಲ್ಲ.

ವರದಿಯನ್ನು ಬಿರಿತ್ ನಿಂತೇ ಓದಿದಳು.
ಒಲೆಯ ಮೇಲೆ ಏನೋ ಉಕ್ಕಿತು, ನೋಡಲಿಲ್ಲ.
ಬೆರಳು ತೂಕದ ಸಾಲಿಗೆ ಬಂದು ತಡೆಯಿತು:
ಎಪ್ಪತ್ತೊಂದು, ಅದರ ಪಕ್ಕ ಸಣ್ಣಕ್ಷರದಲ್ಲಿ ಎರಡು.
"ಬೂಟು ಸೇರಿಸಿದ್ದೀರಿ," ಎಂದಳು.