ಹದಿನೆಂಟರ ಮಾರನೆಯ ದಿನ

ಕಕ್ಕಡ ಹದಿನೆಂಟರ ಮಾರನೆಯ ಬೆಳಿಗ್ಗೆ
ಸಿದ್ದಾಪುರದ ಆಸ್ಪತ್ರೆಯ ಹಿಂದಿನ ಕಟ್ಟೆಯಲ್ಲಿ
ಮೂವತ್ತೊಂದು ಸೀಸೆ. ಎಲ್ಲವೂ ಕೆಂಪು.
ಜ್ವರದವರೂ ಉಂಡಿದ್ದರು ಮದ್ದುಸೊಪ್ಪಿನ ಪಾಯಸ,
ವರ್ಷಕ್ಕೊಮ್ಮೆ ಬರುವುದನ್ನು ಬಿಡುವವರು ಯಾರು?
ನಗುವಂಥ ಕೆಂಪು ಅದು,
ಹುಡುಗರು ಬೇಲಿಗೆ ನಿಂತು
ಯಾರದು ಹೆಚ್ಚೆಂದು ಪಂದ್ಯ ಕಟ್ಟುವಂಥದ್ದು.
ಆದರೆ ಅದರೊಳಗೆಲ್ಲೋ ಒಂದು ಸೀಸೆ
ಕರಿನೀರು ಜ್ವರದ್ದು.

ದೇಚವ್ವ ಡಾಕ್ಟರು ನೆರಿಗೆಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು
ಮದರಾಸಿನಿಂದ ತಂದ ಹಿತ್ತಾಳೆಯ ದುರ್ಬೀನಿಗೆ ಬಗ್ಗಿದರು.
ಗಾಜಿನಡಿ ಎರಡೂ ಒಂದೇ:
ಖಾಲಿ ಕೆಂಪು ಬಯಲು, ಒಂದು ಕಣವೂ ಇಲ್ಲ.
"ಮೊಯ್ದು, ಕಣ್ಣನ್ನು ನಂಬಬೇಡ. ದೀಪ ಹಚ್ಚು."

ಮೊದಲು ಕುದಿಸಿದ್ದು ಅವರದೇ.
ಹಿಂದಿನ ರಾತ್ರಿ ಎರಡು ಬಟ್ಟಲು ಪಾಯಸ ಉಂಡು
ಗಂಟೆಗೊಮ್ಮೆ ಎದ್ದು ರಿಜಿಸ್ಟರಿನಲ್ಲಿ ಬರೆದಿದ್ದರು:
ದೇ., ಹನ್ನೊಂದು, ತೆಳು. ದೇ., ಎರಡು, ಗಾಢ.
ನಾಚಿಕೆ ನನಗಾಯಿತು, ಅವರಿಗಲ್ಲ.

ಸೊಪ್ಪಿನ ಕೆಂಪು ಸುಮ್ಮನೆ ಕುದಿಯಿತು.
ಇಪ್ಪತ್ಮೂರನೆಯದು ಮಾತ್ರ
ಮೊಟ್ಟೆಯ ಬಿಳಿಯಂತೆ ನಳಿಗೆಯಲ್ಲೇ ಗಟ್ಟಿಯಾಯಿತು.

ಕಾಳಿ. ಒಂಬತ್ತು ವರ್ಷ. ಎರವರ ಹುಡುಗಿ, ಲೈನಿನವಳು.
ಧಣಿಮನೆಗೆ ಸೊಪ್ಪು ಕುಯ್ದು ಕೊಟ್ಟವಳು,
ಪಾಯಸ ಮುಟ್ಟದವಳು.
"ಏನು ಕೊಟ್ಟೆ ಅವಳಿಗೆ?"
ಕ್ವಿನೈನ್, ಅಂದೆ. ನಾನೇ ಪೊಟ್ಟಣ ಕಟ್ಟಿದ್ದು.
ಅವರು ಆರು ವರ್ಷದ ರಿಜಿಸ್ಟರು ತೆರೆದರು.
ಕರಿನೀರಿನ ಒಂದೊಂದು ಹೆಸರಿನ ಮುಂದೆಯೂ
ನೀಲಿ ಪೆನ್ಸಿಲಿನ ಗೆರೆ, ಗೆರೆಯ ತುದಿಯಲ್ಲಿ
ನನ್ನ ಅಕ್ಷರ, ನನ್ನ ಪೊಟ್ಟಣ.
"ಮದ್ದೇ, ಮೊಯ್ದು," ಅಂದರು ಮೆಲ್ಲಗೆ.
"ಸೊಪ್ಪಲ್ಲ. ನಮ್ಮ ಮದ್ದು."

ಆ ಹುಡುಗಿ ಬದುಕಿದಳು.
ಅವಳ ಹಿಂದಿನ ಹದಿನೇಳು ಮಂದಿ ಬದುಕಿರಲಿಲ್ಲ.
ಅವರ ಹೆಸರು ನನಗೆ ಈಗಲೂ ಸಾಲಾಗಿ ಬರುತ್ತದೆ,
ಹೇಳುವುದಿಲ್ಲ.

ಮಡಿಕೇರಿಯ ದೊಡ್ಡ ಡಾಕ್ಟರು ವರದಿಯ ಅಂಚಿನಲ್ಲಿ
ಹೆಂಗಸಿನ ಊಹೆ ಎಂದು ಬರೆದು ಕಳಿಸಿದರು.
ಆಮೇಲೆ ತಿಳಿಯಿತು, ಕಡಲಾಚೆ ಯಾರೋ
ಇದನ್ನು ಮೊದಲೇ ಕಂಡಿದ್ದರಂತೆ;
ಸಿದ್ದಾಪುರಕ್ಕೆ ಆ ಪುಸ್ತಕ ಬಂದಿರಲಿಲ್ಲ.
ದೇಚವ್ವ ಡಾಕ್ಟರು ನಕ್ಕರು:
"ಇರಲಿ. ಪಾಯಸದ ಕೆಂಪು ಅವರಿಗೆ ಗೊತ್ತಿಲ್ಲವಲ್ಲ!"

ಈಗ ಕರಿನೀರೂ ಇಲ್ಲ, ಅವರೂ ಇಲ್ಲ.
ಪ್ರತಿ ಕಕ್ಕಡಕ್ಕೆ ಪಕ್ಕದ ಮನೆಯಿಂದ
ತೂಕುಪಾತ್ರೆಯಲ್ಲಿ ಪಾಯಸ ಬರುತ್ತದೆ, ಉಣ್ಣುತ್ತೇನೆ.
ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಸ್ವಲ್ಪ ಹೊತ್ತು
ನೋಡುತ್ತಾ ನಿಲ್ಲುತ್ತೇನೆ.
ಒಂದು ಚಮಚ ಕುದಿಸಿ ನೋಡೋಣವೇ ಅನ್ನಿಸುತ್ತದೆ,
ಬೀವಾತು ಚಮಚಗಳನ್ನೆಲ್ಲ
ಹಿಂದಿನ ರಾತ್ರಿಯೇ ಎತ್ತಿಟ್ಟಿರುತ್ತಾಳೆ.