ಒಂದಕ್ಕೆ ನಲವತ್ತೆಂಟು

ಅಣ್ಣ ಇಂಗ್ವಾರ್ ನಲವತ್ತು ವರ್ಷ ಓಲೆಸುಂಡ್‌ನಲ್ಲಿ
ಮಂದಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವನು.
ಈಗ ಅದೇ ಕೊಕ್ಕೆ, ಅದೇ ಅರ, ಮೇಣ ಕರಗಿಸುವ ಅದೇ ದೀಪ.
ಅಡುಗೆಮನೆಯ ಮೇಜಿಗೆ ಹಳೇ ಪೇಪರು ಹಾಸಿ
ಸ್ಪಿಟ್‌ಫೈರಿನ ಹೊಟ್ಟೆಗೆ ಎರಡು ತೆಪ್ಪ ಕಟ್ಟುತ್ತಿದ್ದಾನೆ.

ಪೆಟ್ಟಿಗೆಯಲ್ಲಿ ಬಂದದ್ದು ಗಾಲಿಯ ವಿಮಾನ.
ತೆಪ್ಪ ಇವನದೇ ಎರಕ, ಕಟ್ಟುಹಲ್ಲಿನ ಅಕ್ರಿಲಿಕ್,
ಇನ್ನೂ ಬಣ್ಣ ಬಿದ್ದಿಲ್ಲ, ಒಸಡಿನ ಗುಲಾಬಿ.
ಯುದ್ಧವಿಮಾನ ನಗುತ್ತಿದೆ ಬೊಚ್ಚುಬಾಯಲ್ಲಿ.

ಇಂಗ್ಲೆಂಡಿನಲ್ಲಿ ಇಂಥವು ಕೆಲವನ್ನು
ನೀರಿಗಿಳಿಸಿ ನೋಡಿದ್ದರಂತೆ, ಹಾರಿದವಂತೆ.
ನಮ್ಮ ಕಡಲಿಗೆ ಒಂದೂ ಬರಲಿಲ್ಲ.
"ಬಂದಿದ್ದರೆ" ಅನ್ನುತ್ತಾನೆ ಅಣ್ಣ, ಅರ ಉಜ್ಜುತ್ತ.
"ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ"
ಅನ್ನುತ್ತೇನೆ ನಾನು, ಕಾಫಿ ಬಗ್ಗಿಸುತ್ತ.
ನಕ್ಕರೆ ಕೈ ಅಲುಗುತ್ತದೆ. ಅದಕ್ಕೇ ಅವನು ನಗುವುದಿಲ್ಲ.

ನಲವತ್ತೆರಡರ ಫೆಬ್ರವರಿ. ದೋಣಿಮನೆಯಲ್ಲಿ
ಬಲೆಗಳ ಕೆಳಗೆ ಅಪ್ಪ ಮೂರು ರಾತ್ರಿ ಕಾದ.
ರೇಡಿಯೋ ಹೂತಾಗಿತ್ತು ಆಲೂಗಡ್ಡೆಯ ಗುಂಡಿಯಲ್ಲಿ.
ಶೆಟ್‌ಲ್ಯಾಂಡಿನಿಂದ ಬರಬೇಕಿದ್ದ ಮೀನುದೋಣಿ
ನಡುಗಡಲ ಬಿರುಗಾಳಿಗೆ ಹಿಂದಿರುಗಿತು.
ನಾಲ್ಕನೆಯ ಬೆಳಗ್ಗೆ ಬಂದವರು ಜರ್ಮನ್ನರು.
ಅಣ್ಣನಿಗೆ ನಾಲ್ಕು ವರ್ಷ. ಕಿಟಕಿಯ ಮಂಜಿನಲ್ಲಿ
ಮೂಗಿನಷ್ಟು ಜಾಗ ಒರೆಸಿಕೊಂಡು ನೋಡಿದನಂತೆ.
ನಾನಿನ್ನೂ ಅಮ್ಮನ ಹೊಟ್ಟೆಯಲ್ಲಿ,
ಏನನ್ನೂ ನೋಡದವಳು, ಎಲ್ಲ ಕೇಳಿಯೇ ತಿಳಿದವಳು.

"ಆ ಗಾಳಿಗೆ ನಿನ್ನ ತೆಪ್ಪ ನಿಲ್ಲುತ್ತಿತ್ತೇ?"
"ಮೂರನೆಯ ರಾತ್ರಿ ನಮ್ಮ ಕೊಲ್ಲಿ
ಎಣ್ಣೆಯ ಹಾಗೆ ಮಲಗಿತ್ತು."
"ಇದು ಒಬ್ಬರ ವಿಮಾನ. ಅಪ್ಪ ಎಲ್ಲಿ ಕೂರುತ್ತಿದ್ದ?"

ಒಂದು ವಾರ ಮಾತಿಲ್ಲ.

ಆಮೇಲೆ ನೋಡಿದರೆ ಪೈಲಟ್ಟಿನ ಬೆನ್ನ ಹಿಂದೆ,
ರೇಡಿಯೋ ಇರಬೇಕಾದ ಕಡೆ,
ಕೊರೆದು ತೆಗೆದಿದ್ದಾನೆ ಒಂದು ಗೂಡು.
ಮಂಡಿಯನ್ನು ಎದೆಗೊತ್ತಿ ಮಲಗಿದರೆ ಹಿಡಿಯುವಷ್ಟು.
ಒಂದಕ್ಕೆ ನಲವತ್ತೆಂಟರ ಲೆಕ್ಕದಲ್ಲಿ
ಅಪ್ಪ ಮೂರೂ ಮುಕ್ಕಾಲು ಸೆಂಟಿಮೀಟರು.
ಶೆಟ್‌ಲ್ಯಾಂಡು ಒಂಬತ್ತು ಕಿಲೋಮೀಟರು,
ಅಗೋ, ಆ ದೀಪಸ್ತಂಭದಿಂದ ತುಸು ಆಚೆ.
ಮೂರು ರಾತ್ರಿಯನ್ನು ಮಾತ್ರ ಭಾಗಿಸಲು ಬರುವುದಿಲ್ಲ.

ಪಕ್ಕದ ಮನೆಯ ಹಾಲ್ವ್‌ದಾನ್ ಕನ್ನಡಕ ಏರಿಸಿ ಇಣುಕಿದ:
"ಬಾಲ ಭಾರವಾದೀತು. ನೀರು ಬಿಟ್ಟು ಏಳಲಾರದು."
"ಅಪ್ಪ ಮೂರು ದಿನದಿಂದ ಉಂಡಿರಲಿಲ್ಲ"
ಅಂದ ಅಣ್ಣ, ತಲೆ ಎತ್ತದೆ.

ಬೊಂಬೆ ಇಟ್ಟಿಲ್ಲ ಗೂಡಿನಲ್ಲಿ.
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಮಡಿಸಿ
ಕಂದು ಬಣ್ಣ ಹಚ್ಚಿ ಮಾಡಿದ್ದು ಒಂದು ಕಂಬಳಿ,
ಅದರ ಒಂದು ಅಂಚು ಎತ್ತಿಟ್ಟಿದ್ದಾನೆ,
ಯಾರೋ ಈಗ ನುಸುಳಬೇಕು ಅನ್ನುವ ಹಾಗೆ.
ಒಡಲಿನ ಎರಡು ಹೋಳು ಕೂಡಿದ ಮೇಲೆ
ಅದು ಯಾರ ಕಣ್ಣಿಗೂ ಬೀಳದು.

ಕೂಡಿಸಲು ಇನ್ನೊಂದು ಜೊತೆ ಕೈ ಬೇಕು.
ನನ್ನವು ನಡುಗುತ್ತವೆ. ಅರ್ನ್‌ಫಿನ್‌ನನ್ನು ಕರೆದ.
ಅಮ್ಮನ ಎರಡನೆಯ ಮದುವೆಯ ಮಗ, ನಮ್ಮ ತಮ್ಮ,
ಅರವತ್ತಾರು, ದೋಣಿಯ ಎಂಜಿನ್ನು ಬಿಚ್ಚುವ ಹಸ್ತ.
ಅಂಗಿಗೆ ಕೈ ಒರೆಸಿಕೊಳ್ಳುತ್ತ ಬಂದ.

ಈ ವಿಮಾನ ಬಂದಿದ್ದರೆ
ಈ ಮೇಜಿಗೆ ಎರಡೇ ಕುರ್ಚಿ ಸಾಕಿತ್ತು.

ಗೂಡಿನೊಳಗೆ ಟಾರ್ಚು ಬಿಟ್ಟು ನೋಡಿದ ಅರ್ನ್‌ಫಿನ್.
"ಇಕ್ಕಟ್ಟು" ಅಂದ. "ಆದರೂ ನಾನಾಗಿದ್ದರೆ ಹತ್ತುತ್ತಿದ್ದೆ."
ಆಮೇಲೆ ಎರಡು ಹೋಳನ್ನೂ ಒಂದು ಮಾಡಿ
ಹಿಡಿದುಕೊಂಡು ಕೂತ, ಹಕ್ಕಿ ಹಿಡಿದವನಂತೆ,
ಬಿಗಿಯೂ ಅಲ್ಲ, ಸಡಿಲವೂ ಅಲ್ಲ.
ಅವನ ವಾಫಲ್ ಆರಿತು. ಚೂರು ಮುರಿದು
ಕಂದು ಚೀಸ್ ಇಟ್ಟು ಬಾಯಿಗೆ ಕೊಟ್ಟೆ.

"ಬಿಡಲಾ?"
"ಇನ್ನೂ ಇಲ್ಲ" ಅಂದ ಅಣ್ಣ.
ಗಡಿಯಾರ ನೋಡಿದೆ. ಆ ಅಂಟಿಗೆ ಹತ್ತು ನಿಮಿಷ ಸಾಕು.
ಅರ್ಧ ಗಂಟೆ ಆಗಿತ್ತು.